ಬಿಯರ್‌ನ ಗ್ರಾವಿಟಿ ಅಳೆಯುವ ಬಗೆ

ಮೊಳಕೆ ಬಾರ್ಲಿಯಿಂದ, ಅಂದರೆ ಮಾಲ್ಟ್‌ನಿಂದ, ಬಸಿದ ಸಿಹಿ ರಸಕ್ಕೆ ವರ್ಟ್ ಎಂದು ಹೆಸರು. ಅದು ನೀರಿಗಿಂತ ಎಷ್ಟು ದಟ್ಟವಾಗಿದೆ ಎಂಬುದನ್ನು ಹೇಳುವ ಅಂಕಿಯೇ ಗ್ರಾವಿಟಿ. ನೀರಿನದು 1.000, ಇಂಗ್ಲೆಂಡಿನ ಬಿಟರ್ ಎಂಬ ಸಾಧಾರಣ ಬಿಯರ್‌ನ ವರ್ಟ್ 1.040ರ ಆಸುಪಾಸು. ಯೀಸ್ಟ್ ಸಕ್ಕರೆಯನ್ನು ತಿಂದ ಹಾಗೆಲ್ಲ ಅಂಕಿ ಇಳಿದು 1.010ರ ಹತ್ತಿರ ನಿಲ್ಲುತ್ತದೆ. ಈ ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಆಲ್ಕೋಹಾಲ್ ಶೇ. 4ರಷ್ಟಿದೆ ಎಂದು ತಿಳಿಯುತ್ತದೆ.

ಅಳೆಯುವ ಸಾಧನ ಹೈಡ್ರೋಮೀಟರ್ ಎಂಬ ತೇಲುವ ಕೊಳವೆ, ಹಾಲಿನ ಡೇರಿಯ ಲ್ಯಾಕ್ಟೋಮೀಟರಿನ ಜಾತಿಯದೇ. ಇಂಗ್ಲೆಂಡಿನ ಹಲ್ ಊರಿನ ಜಾನ್ ರಿಚರ್ಡ್‌ಸನ್ 1784ರಲ್ಲಿ ಇದರ ಬಳಕೆಯ ಬಗ್ಗೆ ಪುಸ್ತಕ ಬರೆದ. ಅಗ್ಗವೆಂದು ಕೊಳ್ಳುತ್ತಿದ್ದ ಕಂದು ಮಾಲ್ಟ್ ಕೊಡುವ ಸಕ್ಕರೆ ಕಡಿಮೆ ಎಂಬುದು ಬ್ರೂವರಿಗಳಿಗೆ ಮನವರಿಕೆಯಾದದ್ದು ಇಂಥ ಅಳತೆಗಳಿಂದಲೇ. ಬ್ರಿಟನ್ನಿನಲ್ಲಿ ಮನೆಬಿಯರ್‌ಗೆ ಬೇಕಿದ್ದ ಪರವಾನಗಿ 1963ರಲ್ಲಿ ರದ್ದಾದ ಮೇಲೆ ಗಾಜಿನ ಹೈಡ್ರೋಮೀಟರ್ ಅಡುಗೆಮನೆಗಳಿಗೂ ಬಂತು.

ಅಂಕಿ ತಪ್ಪಿದರೆ ದೋಷ ಸಾಮಾನ್ಯವಾಗಿ ಉಪಕರಣದ್ದಲ್ಲ, ಅಳೆಯಲು ತೆಗೆದ ಮಾದರಿಯದು. ಎಲ್ಲಕ್ಕಿಂತ ಹೆಚ್ಚು ಕಾಡುವುದು ಬಿಸಿ. 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ ಹೈಡ್ರೋಮೀಟರನ್ನು 40 ಡಿಗ್ರಿಯ ವರ್ಟ್‌ನಲ್ಲಿ ಬಿಟ್ಟರೆ 1.040 ಇರಬೇಕಾದ ಕಡೆ 1.034ರಷ್ಟೇ ಕಾಣುತ್ತದೆ. ತಿದ್ದುಪಡಿಯ ಕೋಷ್ಟಕಗಳಿವೆ, ಆದರೆ ಬಿಸಿ ಏರಿದಷ್ಟೂ ಅವು ನಂಬಿಕೆಗೆ ದೂರ. ಮಾದರಿಯನ್ನು ಆವಿ ಹೋಗದಂತೆ ಮುಚ್ಚಿ ತಣಿಸಿ ಅಳೆಯುವುದೇ ಲೇಸು. ಮಾಲ್ಟ್ ಪಾಕಕ್ಕೆ ನೀರು ಬೆರೆಸಿ ಮಾಡುವವರು ಇನ್ನೊಂದು ಎಚ್ಚರ ವಹಿಸಬೇಕು: ಚೆನ್ನಾಗಿ ಕಲಕದಿದ್ದರೆ ದಟ್ಟ ಪಾಕ ತಳದಲ್ಲಿ, ತೆಳು ನೀರು ಮೇಲೆ ನಿಂತು, ಎಲ್ಲಿಂದ ತೆಗೆದರೂ ಅಂಕಿ ಸುಳ್ಳಾಗುತ್ತದೆ.

ಹುದುಗುತ್ತಿರುವ ಬಿಯರ್‌ನಲ್ಲಿ ತೊಂದರೆ ಅನಿಲದ್ದು. ಸಣ್ಣ ಗುಳ್ಳೆಗಳು ಗಾಜಿಗೆ ಅಂಟಿ ಕೊಳವೆಯನ್ನು ಮೇಲೆತ್ತುತ್ತವೆ, ಅಂಕಿ ಹೆಚ್ಚಾಗಿ ಕಾಣುತ್ತದೆ. ಮಾದರಿಯನ್ನು ಎರಡು ಲೋಟಗಳ ನಡುವೆ ಹಲವು ಸಲ ಸುರಿದು ನೊರೆ ಇಳಿಯಲು ಬಿಡಬೇಕು. ಕೊಳವೆಯನ್ನು ಬೆರಳಲ್ಲಿ ತಿರುಗಿಸಿ ಬಿಟ್ಟರೆ ಉಳಿದ ಗುಳ್ಳೆಗಳೂ ಕಳಚುತ್ತವೆ. ಅದು ಜಾಡಿಯ ಗೋಡೆಗೆ ತಾಗದೆ ತೇಲುವಾಗ, ಕಣ್ಣನ್ನು ದ್ರವದ ಮಟ್ಟಕ್ಕೇ ತಂದು ಓದಬೇಕು. ಗಾಜಿನ ಸುತ್ತ ದ್ರವ ತುಸು ಏರಿರುತ್ತದೆ. ತಯಾರಕರು ಬೇರೆ ಹೇಳದಿದ್ದರೆ ಆ ಏರಿನ ಕೆಳಗಿನ ಸಮಮಟ್ಟವೇ ಲೆಕ್ಕ. ಹೊಸ ಹೈಡ್ರೋಮೀಟರನ್ನು ಮೊದಲು 20 ಡಿಗ್ರಿಯ ಬಟ್ಟಿ ನೀರಿನಲ್ಲಿ ಪರೀಕ್ಷಿಸಿ, 1.002 ತೋರಿದರೆ ಮುಂದೆ ಪ್ರತಿ ಸಲವೂ 0.002 ಕಳೆಯಬೇಕು.

ಇಷ್ಟು ನಿಖರತೆ ಏಕೆಂದರೆ, ಮುಚ್ಚಿದ ಬಾಟಲಿಯಲ್ಲಿ ಗ್ರಾವಿಟಿ 0.001ರಷ್ಟು ಇಳಿದರೂ ಬಿಯರ್‌ನ ಗಾತ್ರದ ಅರ್ಧದಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. 0.004 ಇಳಿಕೆ ಬಾಕಿಯಿರುವಾಗಲೇ ಬಾಟಲಿಗೆ ತುಂಬಿ, ಮೇಲೆ ನೊರೆಗೆಂದು ಸಕ್ಕರೆಯನ್ನೂ ಹಾಕಿದರೆ ಒತ್ತಡ ಇಮ್ಮಡಿಯಾಗಿ ಗಾಜು ಸಿಡಿಯಬಹುದು. ಹಾಗಾಗಿ ಎರಡು ಮೂರು ದಿನದ ಅಂತರದಲ್ಲಿ ಅಳೆದು, ಅಂಕಿ ಅಲುಗದಿದ್ದರೆ ಮಾತ್ರ ತುಂಬಬೇಕು. ಇನ್ನು, ಬೆಳಕು ಬಾಗುವ ಪ್ರಮಾಣದಿಂದ ಸಕ್ಕರೆಯನ್ನು ಅಳೆಯುವ, ಕೆಲವೇ ಹನಿ ಸಾಕೆನ್ನುವ ರಿಫ್ರಾಕ್ಟೋಮೀಟರ್ ಹುದುಗುವ ಮೊದಲಿಗೆ ಬಹಳ ಅನುಕೂಲ. ಆಲ್ಕೋಹಾಲ್ ಬೆರೆತ ಮೇಲೆ ಅದರ ಓದು ನಿಜಕ್ಕಿಂತ ಬಹಳ ಮೇಲಿರುತ್ತದೆ. ಸೂತ್ರ ಹಾಕಿ ತಿದ್ದಿದರೂ ಬರುವುದು ಅಂದಾಜು ಮಾತ್ರ.