‘ಪಾಷಂಡಿ’: ಪದದ ಅರ್ಥವೂ ಪ್ರಯೋಗವೂ

ರೂಢಿಯಂತೆ ನಡೆಯದವನನ್ನು ‘ಪಾಷಂಡಿ’ ಎಂದು ಹಳಿಯುವುದುಂಟು. ವಿವಾಹದಲ್ಲಿ ಆಡಂಬರ ಬೇಡವೆನ್ನುವ ಮಗನಿಗೂ, ಬಸದಿಯಲ್ಲಿ ಕಲಶದ ಸವಾಲು ನಿಲ್ಲಲೆನ್ನುವ ಟ್ರಸ್ಟಿಗೂ ಈ ಮಾತು ತಗಲಬಹುದು. ಆದುದರಿಂದ ಪದದ ಚರಿತ್ರೆಯನ್ನು ಪರಾಮರ್ಶಿಸುವುದು ಯುಕ್ತವಾಗಿದೆ.

ಪ್ರಾಕೃತದ ‘ಪಾಸಂಡ’ ಮೊದಲಿಗೆ ನಿಂದಾವಾಚಕವಾಗಿರಲಿಲ್ಲ. ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನಗಳಲ್ಲಿ ಅದಕ್ಕೆ ಮತ ಅಥವಾ ಪಂಥವೆಂಬಷ್ಟೇ ಅರ್ಥ. ಅಕಾರಣವಾಗಿ ಸ್ವಪಂಥವನ್ನು ಹೊಗಳದೆ, ಪರಪಂಥವನ್ನು ತೆಗಳದೆ ವಾಕ್‌ಸಂಯಮದಿಂದಿರಬೇಕೆಂದು ಅವನ 12ನೆಯ ಶಿಲಾಶಾಸನವು ಬೋಧಿಸುತ್ತದೆ. ಈ ಶಾಸನದ ಪಾಠವು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿದೆ. ದೆಹಲಿ-ತೋಪ್ರಾ ಸ್ತಂಭದ 7ನೆಯ ಶಾಸನವು ಬೌದ್ಧ ಸಂಘ, ಬ್ರಾಹ್ಮಣರು ಮತ್ತು ಆಜೀವಕರೊಡನೆ ನಿಗ್ರಂಥರನ್ನೂ, ಅಂದರೆ ಜೈನ ಶ್ರಮಣರನ್ನೂ, ಪಾಸಂಡಗಳಲ್ಲಿ ಎಣಿಸಿದೆ. ಅರ್ಹಂತರಿಗೂ ಸಿದ್ಧರಿಗೂ ನಮಿಸಿ ಆರಂಭವಾಗುವ ಹಾಥಿಗುಂಫಾ ಶಾಸನವು ಕಳಿಂಗದ ಖಾರವೇಲನನ್ನು ಸರ್ವ ಪಾಸಂಡಗಳನ್ನು ಪೂಜಿಸುವವನೆಂದು ಕೊಂಡಾಡುತ್ತದೆ.

ಕಾಲಾಂತರದಲ್ಲಿ ಪದದ ಮುಖ ತಿರುಗಿತು. ಮನುಸ್ಮೃತಿಯ 9ನೆಯ ಅಧ್ಯಾಯವು ಪಾಷಂಡದಲ್ಲಿರುವವರನ್ನು ಜೂಜುಗಾರರೊಡನೆ ಸೇರಿಸಿ, ಪುರದಿಂದ ಹೊರಗಟ್ಟಲು ರಾಜನಿಗೆ ವಿಧಿಸಿತು. ಪುರಾಣಕಾರರು ಜೈನರನ್ನೂ ಬೌದ್ಧರನ್ನೂ ಅದೇ ಹೆಸರಿನಿಂದ ದೂಷಿಸಿದರು. ಪಂಥವಾಚಕವಾಗಿದ್ದುದು ಹೀಗೆ ವೇದಬಾಹ್ಯನ ಹೆಸರಾಗಿ, ಕಡೆಗೆ ಕಪಟಿಯ ಹೆಸರಾಯಿತು.

ಜೈನಾಚಾರ್ಯರೂ ಈ ಪದವನ್ನು ಬಳಸದೆ ಬಿಡಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆ, ದೇವಮೂಢತೆಗಳೊಡನೆ ಪಾಷಂಡಿಮೂಢತೆಯನ್ನೂ ಹೇಳಿದ್ದಾರೆ. ಆದರೆ ಅವರು ಕೊಟ್ಟ ಲಕ್ಷಣ ಗಮನಾರ್ಹವಾದುದು: ಪರಿಗ್ರಹ, ಆರಂಭ ಮತ್ತು ಹಿಂಸೆಗಳಿಂದ ಕೂಡಿದವರನ್ನು ಗುರುವೆಂದು ಪುರಸ್ಕರಿಸುವುದೇ ಆ ಮೂಢತೆ. ಇಲ್ಲಿ ಒರೆಗಲ್ಲು ಆಚರಣೆಯೇ ಹೊರತು ಕುಲವಲ್ಲ, ರೂಢಿಯೂ ಅಲ್ಲ. ನದೀಸ್ನಾನದಿಂದ, ಮರಳಿನ ರಾಶಿ ಹಾಕುವುದರಿಂದ ಪುಣ್ಯವೆಂಬ ಲೋಕರೂಢಿಯನ್ನೇ ಅವರು ಲೋಕಮೂಢತೆಯೆಂದು ಕರೆದುದನ್ನು ಮರೆಯಲಾಗದು.

ಹಾಗಾದರೆ ಸ್ವೇಚ್ಛಾಚಾರವನ್ನು ಖಂಡಿಸಬಾರದೇ ಎಂದು ಕೆಲವರು ಕೇಳಬಹುದು. ಖಂಡಿಸಲೇಬೇಕು, ಆದರೆ ಆ ನಡೆಯಿಂದ ಹಿಂಸೆಯೋ ಪರಿಗ್ರಹವೋ ಹೆಚ್ಚಿತೆಂದು ಮೊದಲು ತೋರಿಸಬೇಕು. ಆಡಂಬರ ಬೇಡವೆನ್ನುವವನು ಪರಿಗ್ರಹವನ್ನು ಕುಗ್ಗಿಸುತ್ತಾನೆಯೇ ಹೊರತು ಹೆಚ್ಚಿಸುವುದಿಲ್ಲ. ಸಮಂತಭದ್ರರ ಲಕ್ಷಣದಿಂದ ಅವನನ್ನು ಪಾಷಂಡಿಯೆನ್ನಲು ಬರುವುದಿಲ್ಲ. ಆ ಲಕ್ಷಣವನ್ನು ಬಿಟ್ಟು, ಬಳಕೆಗೆ ವಿರುದ್ಧನೆಂಬ ಮಾತ್ರಕ್ಕೆ ಅವನನ್ನು ಹಾಗೆ ಕರೆದರೆ, ಹಿಂದೆ ನಿಗ್ರಂಥರ ಮೇಲೆ ಎಸೆದ ಕಲ್ಲನ್ನೇ ಶ್ರಾವಕರು ತಮ್ಮ ಮಕ್ಕಳ ಮೇಲೆ ಎಸೆದಂತಾಗುತ್ತದೆ.