ಕಲಿತ ನುಡಿಯ ಹಾಡು: ಸೆಲೀನಾ ಅವರ ‘ಅಮೋರ್ ಪ್ರೊಯಿಬಿದೊ’

‘ನಿಷಿದ್ಧ ಪ್ರೇಮ’ ಎಂಬ ಅರ್ಥದ ಈ ಸ್ಪ್ಯಾನಿಷ್ ಧ್ವನಿಮುದ್ರಿಕೆಯನ್ನು ಇಎಂಐ ಲ್ಯಾಟಿನ್ ಸಂಸ್ಥೆ 1994ರ ಮಾರ್ಚಿನಲ್ಲಿ ಬಿಡುಗಡೆ ಮಾಡಿತು. ಟೆಕ್ಸಾಸಿನ ಮೆಕ್ಸಿಕನ್ ಮೂಲದವರ ತೆಹಾನೊ ಸಂಗೀತವನ್ನು ಅದರ ರೂಢಿಯ ಶ್ರೋತೃವರ್ಗದಾಚೆಗೆ ಒಯ್ದ ಸೆಲೀನಾ ಕಿಂತಾನಿಯಾ ಅವರ ಯಶಸ್ಸನ್ನು ಬೇರುಗಳಿಗೆ ಮರಳಿದ ಕಥೆಯಾಗಿ ಓದುವುದು ಸುಲಭ. ಆ ಓದು ನಿಲ್ಲಲಾರದು. ಅವರು ಆಡಿ ಬೆಳೆದ ನುಡಿ ಇಂಗ್ಲಿಷ್. ಸ್ಪ್ಯಾನಿಷ್ ಹಾಡುಗಳನ್ನು ತಂದೆಯಿಂದ ಉಚ್ಚಾರಣೆ ಕೇಳಿ ಬಾಯಿಪಾಠ ಮಾಡಿದವರು. ಪೂರ್ವಿಕರ ನುಡಿ ಅವರಿಗೆ ದಕ್ಕಿದ್ದು ತೊಟ್ಟಿಲಲ್ಲಲ್ಲ, ವೇದಿಕೆಯ ಮೇಲೆ.

ಕೃತಿಯ ಕಟ್ಟಡವೂ ಇದನ್ನು ಮರೆಮಾಚುವುದಿಲ್ಲ. ಸೋದರ ಎ.ಬಿ. ಕಿಂತಾನಿಯಾ ಅವರ ನಿರ್ಮಾಣದಲ್ಲಿ ಕುಂಬಿಯಾ ಲಯದ ಮೇಲೆ ಪಾಪ್ ರಾಗಗಳು ಕೂತಿವೆ. ‘ಫೋತೋಸ್ ಇ ರೆಕ್ವೆರ್ದೋಸ್’ ಪ್ರಿಟೆಂಡರ್ಸ್ ತಂಡದ ಇಂಗ್ಲಿಷ್ ಹಾಡೊಂದರ ರೂಪಾಂತರ. ಸ್ಪ್ಯಾನಿಷ್ ಸಾಹಿತ್ಯ ಕೀಬೋರ್ಡ್ ವಾದಕ ರಿಕಿ ವೇಲಾ ಅವರದು. ‘ಬಿದಿ ಬಿದಿ ಬೋಮ್ ಬೋಮ್’ ಮೊದಲಿಗೆ ಮೀನಿನ ಕುರಿತ ತಮಾಷೆಯ ಆಶುಗೀತೆಯಾಗಿತ್ತು. ಈಗ ಅದರ ಪಲ್ಲವಿ ಎದೆಬಡಿತದ ಅನುಕರಣ ಶಬ್ದ. ಯಾವ ನಿಘಂಟಿಗೂ ಸೇರದ ಈ ಮಾತಿನಲ್ಲೇ ಗಾಯಕಿಯ ಕಂಠ ಅತ್ಯಂತ ನಿರಾಳವಾಗಿರುವುದು ಆಕಸ್ಮಿಕವಿರಲಾರದು. (‘ಟೆಕ್ನೊ ಕುಂಬಿಯಾ’ದ ಹೊಸತನ ಮಾತ್ರ ಇಂದು ಮಾಸಿದೆ.)

ಬಿಲ್‌ಬೋರ್ಡಿನ ಲ್ಯಾಟಿನ್ ಧ್ವನಿಮುದ್ರಿಕೆಗಳ ಪಟ್ಟಿಯಲ್ಲಿ ಅದು ಅಗ್ರಸ್ಥಾನದಿಂದ ಇಳಿಸಿದ್ದು ಗ್ಲೋರಿಯಾ ಎಸ್ತೆಫಾನ್ ಅವರ ‘ಮಿ ತಿಯೆರ್ರಾ’ವನ್ನು, ಎಂದರೆ ‘ನನ್ನ ನೆಲ’ವನ್ನು. ಹವಾನಾದಲ್ಲಿ ಹುಟ್ಟಿ ಕ್ಯೂಬಾ ತೊರೆದ ಎಸ್ತೆಫಾನ್ ಅಲ್ಲಿ ದೂರದ ದ್ವೀಪಕ್ಕಾಗಿ ಹಂಬಲಿಸುತ್ತಾರೆ. ಸೆಲೀನಾ ಹಾಡಿನಲ್ಲಿ ಅಂಥ ಹಂಬಲವಿಲ್ಲ. ನುಡಿಯನ್ನು ಕಲಿಯಬೇಕಾಗಿ ಬಂದ ಟೆಕ್ಸಾಸೇ ಅವರ ನೆಲ.