ಅಪರಾಧದಿಂದ ಹುಟ್ಟಿದ ಭಯ: ‘ದಿ ಗಿಫ್ಟ್’ ಚಿತ್ರವನ್ನು ಕುರಿತು

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕ ರಸವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ವ್ಯಾಜದಿಂದ, ಎಂದರೆ ಸೋಗಿನಿಂದ ತೋರುವುದು ಒಂದು, ಅಪರಾಧದಿಂದ ಹುಟ್ಟುವುದು ಒಂದು, ಹೊರಗಿನ ಬೆದರಿಕೆಯಿಂದ ಉಂಟಾಗುವುದು ಮತ್ತೊಂದು. ಭಯಕ್ಕೆ ಕಾರಣವಾಗುವ ಸಂಗತಿಗಳನ್ನು ಹೇಳುವಾಗಲೂ ಅಷ್ಟೆ. ಕಾಡು, ಕಾಡುಮೃಗ, ಬರಿದಾದ ಮನೆ ಇವುಗಳ ಜೊತೆಯಲ್ಲಿಯೇ ಗುರುವಿಗೂ ಅರಸನಿಗೂ ಎಸಗಿದ ಅಪರಾಧವನ್ನು ಆತನು ಎಣಿಸಿದ್ದಾನೆ. ಹೊರಗಿನ ಕತ್ತಲೆಯನ್ನೂ ಒಳಗಿನ ಅಳುಕನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ ಈ ವಿವೇಕ ಇಂದಿನ ಭಯಾನಕ ಚಿತ್ರಗಳನ್ನು ತಯಾರಿಸುವವರಲ್ಲಿ ವಿರಳ. ಅವರಿಗೆ ಬೇಕಾದುದು ಮೂರನೆಯ ಬಗೆ ಮಾತ್ರ. ಬಾಗಿಲು ಕಿರುಗುಟ್ಟಬೇಕು, ದೀಪ ಆರಬೇಕು, ಪ್ರೇಕ್ಷಕನು ಬೆಚ್ಚಿಬೀಳಬೇಕು. ಆಮೇಲೆ ಮನೆಗೆ ಹೋಗಿ ಉಂಡು ಮಲಗಬೇಕು. ಇದಕ್ಕೆ ಹೊರತಾದ ಒಂದು ಚಿತ್ರ 2015ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ದಿ ಗಿಫ್ಟ್’. ಆಸ್ಟ್ರೇಲಿಯದ ನಟ ಜೋಯಲ್ ಎಜರ್ಟನ್ ತಾನೇ ಕಥೆ ಬರೆದು, ತಾನೇ ನಿರ್ದೇಶಿಸಿ, ಮುಖ್ಯ ಪಾತ್ರಗಳಲ್ಲಿ ಒಂದನ್ನು ತಾನೇ ವಹಿಸಿದ್ದಾನೆ. ಪೂರ್ಣಪ್ರಮಾಣದ ಚಿತ್ರವನ್ನು ಅವನು ನಿರ್ದೇಶಿಸಿದ್ದು ಇದೇ ಮೊದಲು.

ಮಠದ ಪತ್ರಿಕೆಯಲ್ಲಿ ಇಂಗ್ಲಿಷ್ ಚಲಚ್ಚಿತ್ರದ, ಅದರಲ್ಲಿಯೂ ಮೈ ಜುಮ್ಮೆನ್ನಿಸುವ ಜಾತಿಯ ಚಿತ್ರವೊಂದರ ವಿಮರ್ಶೆ ಏಕೆ ಎಂದು ಕೆಲವರು ಹಿರಿಯ ಸದ್ಭಕ್ತರು ಹುಬ್ಬೇರಿಸಬಹುದು. ಪಡಸಾಲೆಯ ಟಿ.ವಿ.ಯಲ್ಲಿ, ಅಂಗೈಯ ಮೊಬೈಲಿನಲ್ಲಿ ಜಗತ್ತಿನ ಚಿತ್ರಗಳೆಲ್ಲ ದೊರೆಯುವ ಕಾಲದಲ್ಲಿ ನೋಡಬೇಡಿರೆಂದು ಹೇಳುವುದಕ್ಕಿಂತ ಹೇಗೆ ನೋಡಬೇಕೆಂದು ವಿಚಾರಿಸುವುದು ಲೇಸು. ಇನ್ನೊಂದು ಮಾತು. ಕಥೆಯ ಗುಟ್ಟನ್ನು ಬಿಚ್ಚದೆ ಈ ಚಿತ್ರವನ್ನು ವಿಮರ್ಶಿಸುವುದು ಸಾಧ್ಯವಿಲ್ಲ. ನೋಡಬೇಕೆಂಬ ಅಪೇಕ್ಷೆಯುಳ್ಳವರು ಮೊದಲು ನೋಡಿಕೊಂಡು ಬಂದು ಮುಂದೆ ಓದಬಹುದು.

ಸೈಮನ್ ಮತ್ತು ರಾಬಿನ್ ದಂಪತಿಗಳು. ಷಿಕಾಗೊ ನಗರದಲ್ಲಿದ್ದಾಗ ರಾಬಿನ್‌ಳ ಗರ್ಭ ನಿಲ್ಲದೆ ಹೋಗಿ ಮನಸ್ಸು ಕುಗ್ಗಿದೆ. ಗಂಡನಿಗೆ ಹೊಸ ಉದ್ಯೋಗ ದೊರೆತು ಲಾಸ್ ಏಂಜಲೀಸ್ ಸಮೀಪದಲ್ಲಿ, ಗೋಡೆಗಿಂತ ಗಾಜೇ ಹೆಚ್ಚಾಗಿರುವ ಒಂದು ವಿಶಾಲವಾದ ಮನೆಗೆ ಬರುತ್ತಾರೆ. ಅಂಗಡಿಯಲ್ಲಿ ಸಾಮಾನು ಕೊಳ್ಳುತ್ತಿರುವಾಗ ಒಬ್ಬಾತ ಎದುರಾಗುತ್ತಾನೆ. ಅವನು ಗಾರ್ಡನ್, ಸೈಮನ್‌ನ ಶಾಲೆಯ ಸಹಪಾಠಿ. ಗೋರ್ಡೊ ಎಂದು ಹುಡುಗರು ಕರೆಯುತ್ತಿದ್ದ ಹೆಸರೇ ಅವನಿಗೆ ಉಳಿದಿದೆ. ಮರುದಿನಗಳಲ್ಲಿ ಬಾಗಿಲ ಮುಂದೆ ಉಡುಗೊರೆಗಳು ಕಾಣಿಸಿಕೊಳ್ಳತೊಡಗುತ್ತವೆ: ದ್ರಾಕ್ಷಾರಸದ ಬುಡ್ಡಿ, ಗಾಜು ಒರೆಸುವ ದ್ರಾವಣ, ಅಂಗಳದ ಕೊಳಕ್ಕೆ ಬಣ್ಣದ ಮೀನುಗಳು. ಗಂಡ ಮನೆಯಲ್ಲಿ ಇಲ್ಲದಿರುವಾಗ ಅವನು ಬರುತ್ತಾನೆ. ಊಟಕ್ಕೆ ಕರೆದು ತನ್ನದಲ್ಲದ ದೊಡ್ಡ ಮನೆಯನ್ನು ತನ್ನದೆಂದು ತೋರಿಸುತ್ತಾನೆ. ಸೈಮನ್ ಅವನನ್ನು ಗದರಿಸಿ ದೂರವಿರಿಸಿದ ಮೇಲೆ ಮೀನುಗಳು ಸತ್ತು ತೇಲುತ್ತವೆ. ಸಾಕಿದ ನಾಯಿ ಕಾಣೆಯಾಗಿ ಮತ್ತೆ ಬರುತ್ತದೆ. ಹಗಲುಹೊತ್ತಿನಲ್ಲಿ ಆ ಗಾಜಿನ ಮನೆಯಲ್ಲಿ ಒಂಟಿಯಾಗಿರುವ ಹೆಣ್ಣುಮಗಳ ಬೆದರಿಕೆಯನ್ನು ನಿರ್ದೇಶಕನು ಅಬ್ಬರವಿಲ್ಲದೆ, ನೀರಿನ ಸದ್ದು, ಉದ್ದನೆಯ ಓಣಿ, ಮುಚ್ಚಿದ ಕೋಣೆ ಇಷ್ಟರಿಂದಲೇ ಮೂಡಿಸಿದ್ದಾನೆ. ಭರತನ ಬರಿದಾದ ಮನೆ ಇಲ್ಲಿದೆ.

ಉಡುಗೊರೆಯ ವಿಷಯವಾಗಿ ಸ್ವಲ್ಪ ನಿಲ್ಲಬೇಕು. ಇಂಗ್ಲಿಷಿನ ‘ಗಿಫ್ಟ್’ ಎಂಬ ಶಬ್ದವೇ ಜರ್ಮನ್ ಭಾಷೆಯಲ್ಲಿ ವಿಷವೆಂಬ ಅರ್ಥವನ್ನು ಕೊಡುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1924ರಲ್ಲಿ ಈ ಎರಡರ್ಥವನ್ನು ಕುರಿತೇ ಒಂದು ಲೇಖನ ಬರೆದನು. ಅದಾದ ಮೇಲೆ ಪ್ರಕಟವಾದ, ದಾನವನ್ನು ಕುರಿತ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಮಹಾಭಾರತದ ಅನುಶಾಸನಪರ್ವವನ್ನೂ ಚರ್ಚಿಸಿದನು. ಕೊಡುವುದು, ತೆಗೆದುಕೊಳ್ಳುವುದು, ಮರಳಿ ಕೊಡುವುದು ಈ ಮೂರೂ ಮನುಷ್ಯನ ಮೇಲೆ ಬೀಳುವ ಕಟ್ಟುಗಳೆಂಬುದು ಅವನ ವಾದ. ಪ್ರತಿಗ್ರಹದಲ್ಲಿ ಭಾರವಿದೆ ಎಂಬುದು ನಮ್ಮ ಹಿರಿಯರಿಗೆ ತಿಳಿಯದ್ದೇನೂ ಅಲ್ಲ. ಗೋರ್ಡೊ ಕೊಡುವ ಒಂದೊಂದು ವಸ್ತುವೂ ಸೈಮನ್‌ನ ಮನೆಯ ಕದವನ್ನು ಒಂದೊಂದು ಅಂಗುಲ ತೆರೆಯುತ್ತದೆ. ಬೇಡವೆಂದರೆ ಒರಟುತನ, ಬೇಕೆಂದರೆ ಋಣ. ಆದರೆ ಋಣ ನಿಜವಾಗಿ ಯಾರದು? ಈ ಪ್ರಶ್ನೆಯನ್ನು ಚಿತ್ರ ಮೊದಲ ಅರ್ಧದಲ್ಲಿ ನಮಗೆ ಕಾಣದಂತೆ ಮರೆಮಾಡಿರುವುದು ಅದರ ಹೆಚ್ಚಳ.

ಗೋರ್ಡೊ ಬರೆದ ಒಂದು ಕಾಗದದಲ್ಲಿ, ಹಿಂದಿನದನ್ನು ಮರೆಯಲು ತಾನು ಸಿದ್ಧನಿದ್ದೆ ಎಂಬರ್ಥದ ಮಾತು ಬರುತ್ತದೆ. ಯಾವ ಹಿಂದಿನದು? ರಾಬಿನ್ ಕೇಳುತ್ತಾಳೆ, ಗಂಡ ನಕ್ಕು ಹಾರಿಸುತ್ತಾನೆ. ಇಲ್ಲಿಂದ ಮುಂದೆ ಅವಳು ಹೆದರಿದ ಗೃಹಿಣಿಯಾಗಿ ಉಳಿಯದೆ ವಿಚಾರಣೆಗೆ ಹೊರಡುತ್ತಾಳೆ. ಗಂಡನ ಸೋದರಿಯನ್ನು, ಹಳೆಯ ಗೆಳೆಯನನ್ನು ಕೇಳಿ ಕೊನೆಗೆ ಸತ್ಯವನ್ನು ಕಾಣುತ್ತಾಳೆ. ಶಾಲೆಯಲ್ಲಿದ್ದಾಗ ಸೈಮನ್ ಒಂದು ಸುಳ್ಳು ಕಟ್ಟಿದ್ದ. ದೊಡ್ಡ ಹುಡುಗನೊಬ್ಬ ಗೋರ್ಡೊನನ್ನು ಕೆಡಿಸಿದ್ದನ್ನು ತಾನು ಕಂಡೆನೆಂದು ಊರಿಗೆಲ್ಲ ಸಾರಿದ್ದ. ಆ ಮಾತನ್ನು ನಂಬಿದ ಗೋರ್ಡೊನ ತಂದೆ ಸ್ವಂತ ಮಗನನ್ನು ಕೊಲ್ಲುವುದಕ್ಕೂ ಕೈಯೆತ್ತಿದ್ದ. ಹುಡುಗನ ಬಾಳು ಅಲ್ಲಿಗೆ ಮುರಿಯಿತು. ಸೈಮನ್ ಬೆಳೆದು ಸೂಟು ತೊಟ್ಟ. ಆ ಸಂಗತಿಯನ್ನು ಮರೆತೂಬಿಟ್ಟ. ಮರೆಯುವುದು ಹೊಡೆದವನಿಗಿರುವ ಸೌಕರ್ಯ.

ಇಲ್ಲಿ ಚಿತ್ರದ ಭಯ ಜಾತಿಯನ್ನೇ ಬದಲಾಯಿಸುತ್ತದೆ. ಹೊರಗಿನಿಂದ ಬಂದವನ ಭಯವಾಗಿದ್ದದ್ದು ಒಳಗಿರುವವನ ಅಪರಾಧದ ಭಯವಾಗುತ್ತದೆ. ಭರತನು ಭಯವನ್ನು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಸಹಜವೆಂದು ಹೇಳಿರುವುದನ್ನು ಇಂದು ಯಾರೂ ಒಪ್ಪಲಾರರು, ನಾವೂ ಒಪ್ಪುವುದಿಲ್ಲ. ಆದರೆ ಆ ಮಾತನ್ನು ಈ ಚಿತ್ರ ತಲೆಕೆಳಗು ಮಾಡಿರುವ ರೀತಿ ಸ್ವಾರಸ್ಯವಾಗಿದೆ. ಹೆಣ್ಣಿನ ಭಯ ಕಳೆಯುತ್ತ ಬರುತ್ತದೆ, ಉತ್ತಮನೆಂದು ತೋರುತ್ತಿದ್ದ ಗಂಡನಲ್ಲಿ ಅದು ಬೆಳೆಯುತ್ತ ಹೋಗುತ್ತದೆ. ಗ್ರೀಕರ ಈಡಿಪಸ್ ನಾಟಕದಲ್ಲಿ ಅಪರಾಧಿಯನ್ನು ಹುಡುಕಹೊರಟವನೇ ಅಪರಾಧಿಯಾಗಿ ನಿಲ್ಲುತ್ತಾನೆ. ಇಲ್ಲಿ ಹುಡುಕುವವಳು ಹೆಂಡತಿ, ಸಿಕ್ಕುವವನು ಗಂಡ. ಆದುದರಿಂದ ಅಭಿಜ್ಞಾನದ ನೋವು ಅವಳ ಪಾಲಿಗೆ ಬರುತ್ತದೆ, ಅವನಿಗೆ ನಾಟುವುದೇ ಇಲ್ಲ.

ಓದುಗರಲ್ಲಿ ಅನೇಕರು ಪ್ರಸಾದನಿಲಯಗಳಲ್ಲಿ ಉಂಡು ಓದಿದವರು. ಇಪ್ಪತ್ತು ಹುಡುಗರು ಒಂದೇ ಕೋಣೆಯಲ್ಲಿ ಮಲಗಿ ಬೆಳೆದಲ್ಲಿ ಅಡ್ಡಹೆಸರುಗಳಿಗೆ ಬರಗಾಲವಿರಲಿಲ್ಲ. ಕೆಲವು ಅಡ್ಡಹೆಸರುಗಳನ್ನು ಇಟ್ಟುಕೊಂಡವರು ಇಂದಿಗೂ ನೆನೆದು ನಗುತ್ತಾರೆ. ಕೆಲವನ್ನು ಹೊತ್ತವರು ಹಳೆಯ ವಿದ್ಯಾರ್ಥಿಗಳ ಸಮ್ಮೇಳನಕ್ಕೆ ಬರುವುದೇ ಇಲ್ಲ. ಏಕೆ ಬರುವುದಿಲ್ಲವೆಂದು ನಾವು ಯಾರೂ ವಿಚಾರಿಸಿದಂತಿಲ್ಲ.

ಬೆನ್ನು ಹತ್ತಿದವನ ಕಥೆ ಚಿತ್ರರಂಗಕ್ಕೆ ಹೊಸದಲ್ಲ. 1962ರ ‘ಕೇಪ್ ಫಿಯರ್’ ಚಿತ್ರದಲ್ಲಿ ಸೆರೆಮನೆಯಿಂದ ಬಿಡುಗಡೆಯಾದವನೊಬ್ಬ ವಕೀಲನ ಸಂಸಾರವನ್ನು ಕಾಡುತ್ತಾನೆ. ವಕೀಲನು ಮಾಡಿದ್ದು ಸತ್ಯವಾದ ಸಾಕ್ಷ್ಯ ನುಡಿದದ್ದು ಮಾತ್ರ. ಅದೇ ಕಥೆಯನ್ನು 1991ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಮತ್ತೆ ತೆಗೆದಾಗ ವಕೀಲನು ಆ ಸೆರೆಯಾಳಿನ ಪರವಾಗಿಯೇ ವಾದಿಸಬೇಕಾದವನಾಗಿದ್ದು, ಶಿಕ್ಷೆಯನ್ನು ತಗ್ಗಿಸಬಹುದಾಗಿದ್ದ ಒಂದು ವರದಿಯನ್ನು ಮುಚ್ಚಿಟ್ಟಿರುತ್ತಾನೆ. ಮೂವತ್ತು ವರ್ಷಗಳಲ್ಲಿ ಕಾಡಿಸಿಕೊಂಡವನ ಕೈಯೂ ಮಲಿನವಾಯಿತೆಂಬುದನ್ನು ಗಮನಿಸಬೇಕು. ‘ದಿ ಗಿಫ್ಟ್’ ಆ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ನಮ್ಮ ಹಿಂದಿ ಚಿತ್ರರಂಗದ ‘ಡರ್’ (1993) ಬೇರೆಯೇ ದಾರಿ ಹಿಡಿಯಿತು. ಅಲ್ಲಿ ಮದುವೆಯಾದ ಹೆಣ್ಣನ್ನು ಕಾಲೇಜಿನ ಪರಿಚಯದವನು ಕಾಡುತ್ತಾನೆ. ಆ ಉನ್ಮಾದಕ್ಕೆ ಹಾಡಿನ ಮಾಧುರ್ಯವನ್ನು ಹಚ್ಚಿ ಅದನ್ನು ಪ್ರೇಮವೆಂದು ತೋರಿಸಿದ್ದರಿಂದ ಪ್ರೇಕ್ಷಕರ ಕರತಾಡನ ಕಾಡಿದವನಿಗೇ ಸಂದಿತು. ಎಜರ್ಟನ್ ತನ್ನ ಪಾತ್ರಕ್ಕೆ ಅಂಥ ಮೋಹಕತೆಯನ್ನು ಕೊಟ್ಟುಕೊಂಡಿಲ್ಲ. ಅವನ ಗೋರ್ಡೊ ಮಾತು ತಡವರಿಸುವ, ಯಾರ ಮನೆಯಲ್ಲಿಯೂ ಎಷ್ಟು ಹೊತ್ತು ಕೂಡಬೇಕೆಂದು ತಿಳಿಯದ ಮನುಷ್ಯ.

ಚಿತ್ರದ ತಿರುಳಿರುವುದು ಕ್ಷಮೆಯ ಪ್ರಸಂಗದಲ್ಲಿ. ಹೆಂಡತಿಯ ಒತ್ತಾಯದಿಂದ ಸೈಮನ್ ಗೋರ್ಡೊನನ್ನು ಕಂಡು ತಪ್ಪಾಯಿತೆನ್ನಲು ಹೋಗುತ್ತಾನೆ. ಮಾತುಗಳೆಲ್ಲ ಸರಿಯಾಗಿವೆ. ಆದರೆ ಅವು ಲೆಕ್ಕ ಮುಗಿಸಿ ರಸೀದಿ ಪಡೆಯಲು ಬಂದವನ ಮಾತುಗಳು. ಎದುರಿಗಿದ್ದವನು ರಸೀದಿ ಕೊಡಲೊಲ್ಲ. ಕೂಡಲೇ ಸೈಮನ್‌ನ ಕೈ ಮೇಲೇಳುತ್ತದೆ. ಅವನನ್ನು ನೆಲಕ್ಕೆ ಕೆಡವಿ ಬಡಿಯುತ್ತಾನೆ. ಮನೆಗೆ ಬಂದು ಎಲ್ಲವೂ ಸರಿಹೋಯಿತೆಂದು ಹೆಂಡತಿಗೆ ಹೇಳುತ್ತಾನೆ. ಪಶ್ಚಾತ್ತಾಪವನ್ನು ಕುರಿತು ಪ್ರವಚನಗಳಲ್ಲಿ ಎಷ್ಟೋ ಹೇಳುತ್ತೇವೆ. ಪಶ್ಚಾತ್ತಾಪದ ಸೋಗು ಹೇಗಿರುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿದ ದೃಶ್ಯ ನಮ್ಮ ನೆನಪಿನಲ್ಲಿಲ್ಲ. ವ್ಯಾಜಭಯವಿರುವಂತೆ ವ್ಯಾಜಕ್ಷಮೆಯೂ ಉಂಟು. ಇತ್ತ ಕಚೇರಿಯಲ್ಲಿ ತನ್ನ ಪ್ರತಿಸ್ಪರ್ಧಿಯ ಮೇಲೆ ಹುಸಿ ಆರೋಪ ಹೊರಿಸಿ ಸೈಮನ್ ಬಡತಿ ಸಂಪಾದಿಸಿರುವುದೂ ಬೆಳಕಿಗೆ ಬಂದು ಕೆಲಸ ಹೋಗುತ್ತದೆ. ಬಾಲ್ಯದ ಸುಳ್ಳು ಬಾಲ್ಯದ್ದಾಗಿ ಉಳಿದಿರಲಿಲ್ಲವೆಂಬುದಕ್ಕೆ ಈ ಸಣ್ಣ ಉಪಕಥೆ ಸಾಕ್ಷಿ.

ಇಲ್ಲಿಯವರೆಗೆ ನಿರ್ದೇಶಕನನ್ನು ಮೆಚ್ಚಿಕೊಳ್ಳುತ್ತಲೇ ಬಂದ ನಮಗೆ ಕೊನೆಯ ಹದಿನೈದು ನಿಮಿಷಗಳನ್ನು ಒಪ್ಪುವುದು ಸಾಧ್ಯವಾಗಲಿಲ್ಲ. ರಾಬಿನ್‌ಗೆ ಗಂಡುಮಗು ಹುಟ್ಟುತ್ತದೆ. ಗಂಡನ ಮನೆಗೆ ಮರಳುವುದಿಲ್ಲವೆಂದು ಅವಳು ಹೇಳುತ್ತಾಳೆ. ಸೈಮನ್ ಮನೆಗೆ ಬಂದರೆ ಅಲ್ಲಿ ಕಡೆಯ ಉಡುಗೊರೆ ಕಾದಿದೆ: ಆ ಮನೆಯದೇ ಕೀಲಿಕೈ, ತಾನು ಗೋರ್ಡೊನನ್ನು ಮರೆಯಲ್ಲಿ ಹಂಗಿಸಿದ ಮಾತುಗಳ ಧ್ವನಿಮುದ್ರಣ, ಮತ್ತೊಂದು ದೃಶ್ಯಮುದ್ರಣ. ಹಿಂದೊಮ್ಮೆ ರಾಬಿನ್ ಮನೆಯಲ್ಲಿ ಮೂರ್ಛೆ ಹೋಗಿದ್ದಾಗ ಕಪಿಯ ಮುಖವಾಡ ತೊಟ್ಟ ಗೋರ್ಡೊ ಅವಳ ಪಕ್ಕದಲ್ಲಿ ಇರುವುದು ಅದರಲ್ಲಿ ಕಾಣುತ್ತದೆ. ಮುಂದೇನಾಯಿತೆಂಬುದು ಕಾಣುವ ಮೊದಲೇ ಅದು ನಿಲ್ಲುತ್ತದೆ. ಮಗು ಯಾರದೆಂಬ ಸಂಶಯದ ಕೀಟವನ್ನು ಗೋರ್ಡೊ ಸೈಮನ್‌ನ ತಲೆಯಲ್ಲಿ ಬಿಟ್ಟು ಹೋಗುತ್ತಾನೆ. ಒಂದು ಹುಸಿಮಾತಿನಿಂದ ಬಾಳು ಕೆಟ್ಟವನು ಒಂದು ಸಂಶಯದಿಂದ ಬಾಳು ಕೆಡಿಸಿದನು. ಸುಳ್ಳಿಗೆ ಸುಳ್ಳು ಸರಿಹೋಯಿತು ಎಂಬುದು ನಿರ್ದೇಶಕನ ಲೆಕ್ಕ. ಹಲವರು ಇದನ್ನು ಕೌಶಲವೆಂದು ಕೊಂಡಾಡಿಯಾರು. ಸೇಡಿಗೆ ಸೇಡು ತಕ್ಕಡಿಯಲ್ಲಿ ಸರಿತೂಗುವುದು ನಿಜ. ಆದರೆ ತಕ್ಕಡಿಯ ತಟ್ಟೆಯಲ್ಲಿ ಇಟ್ಟದ್ದು ಯಾರ ದೇಹವನ್ನು?

ಮಹಾಭಾರತದಲ್ಲಿ ಇದಕ್ಕೆ ತೀರ ಸಮೀಪವಾದ ಪ್ರಸಂಗವಿದೆ. ಸತ್ಯಸಂಧನೆನಿಸಿದ ಯುಧಿಷ್ಠಿರನ ಬಾಯಿಂದ ಬಂದ ಒಂದು ಅರೆಸುಳ್ಳಿನಿಂದ ದ್ರೋಣನು ಶಸ್ತ್ರ ಕೆಳಗಿಟ್ಟು ಹತನಾದನು. ಅವನ ಮಗ ಅಶ್ವತ್ಥಾಮನ ದುಃಖ ನ್ಯಾಯವಾದದ್ದು. ಆ ದುಃಖ ಸೌಪ್ತಿಕಪರ್ವದಲ್ಲಿ ಏನಾಯಿತು? ಮಲಗಿದ್ದವರನ್ನು ಕೊಂದು, ಕೊನೆಗೆ ಪಾಂಡವಸ್ತ್ರೀಯರ ಗರ್ಭದ ಮೇಲೆ ಅಸ್ತ್ರವಾಗಿ ಎರಗಿತು. ವ್ಯಾಸರು ಸುಳ್ಳು ಹೇಳಿದವನನ್ನೂ ಬಿಡಲಿಲ್ಲ: ನೆಲ ಸೋಕದೆ ಸಾಗುತ್ತಿದ್ದ ಅವನ ರಥ ಆ ಕ್ಷಣದಲ್ಲಿ ನೆಲಕ್ಕಿಳಿಯಿತು, ಕಡೆಗೆ ನರಕದರ್ಶನವೂ ತಪ್ಪಲಿಲ್ಲ. ಸೇಡು ತೀರಿಸಿದವನನ್ನೂ ಬಿಡಲಿಲ್ಲ: ನೆತ್ತಿಯ ಮಣಿಯನ್ನು ಕಳೆದುಕೊಂಡು ಮೂರು ಸಾವಿರ ವರ್ಷ ಅಲೆಯೆಂಬ ಶಾಪ. ಅದಕ್ಕಿಂತ ಮುಖ್ಯವಾಗಿ, ಉತ್ತರೆಯನ್ನು ಮರೆಯಲಿಲ್ಲ. ಆಶ್ವಮೇಧಿಕಪರ್ವದಲ್ಲಿ ಉಸಿರಿಲ್ಲದ ಕೂಸನ್ನು ಮುಂದಿಟ್ಟುಕೊಂಡು ಅವಳು ಅಳುವ ಅಳಲಿಗೆ ಕವಿ ಅಧ್ಯಾಯಗಳನ್ನೇ ಕೊಟ್ಟಿದ್ದಾನೆ. ಯಾರ ಗರ್ಭದ ಮೇಲೆ ಅಸ್ತ್ರ ಬಿದ್ದಿತೋ ಅವಳ ಬಾಯಲ್ಲಿ ಅದನ್ನು ಆಡಿಸಿದ್ದಾನೆ.

ಎಜರ್ಟನ್ ರಾಬಿನ್‌ಗೆ ಅಷ್ಟನ್ನೂ ಕೊಡಲಿಲ್ಲ. ಅವಳಿಗೆ ಏನಾಗಿರಬಹುದೆಂಬುದು ಚಿತ್ರದ ಕೊನೆಯವರೆಗೆ ಅವಳಿಗೇ ಗೊತ್ತಿಲ್ಲ. ಗೊತ್ತಿರುವುದು ಇಬ್ಬರು ಗಂಡಸರಿಗೆ ಮತ್ತು ಪ್ರೇಕ್ಷಕರಿಗೆ. ಚಿತ್ರದ ಉದ್ದಕ್ಕೂ ಸತ್ಯವನ್ನು ಬಯಸಿದವಳು ಅವಳೊಬ್ಬಳೇ ಆಗಿರುವಾಗ ಅವಳಿಂದಲೇ ಸತ್ಯವನ್ನು ಬಚ್ಚಿಟ್ಟದ್ದು ಕಥೆಯ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಗೋರ್ಡೊ ಮಾಡಿದನೋ ಇಲ್ಲವೋ ಎಂಬುದನ್ನು ಅಸ್ಪಷ್ಟವಾಗಿ ಬಿಟ್ಟಿದ್ದೇನೆ, ಆದುದರಿಂದ ದೋಷವಿಲ್ಲ ಎಂದು ನಿರ್ದೇಶಕನು ವಾದಿಸಬಹುದು. ಮೂರ್ಛೆ ಹೋದ ಹೆಣ್ಣನ್ನು ಹಾಗೆ ಚಿತ್ರಿಸಿಕೊಂಡದ್ದಂತೂ ಅಸ್ಪಷ್ಟವಲ್ಲವಷ್ಟೆ.

ಅಭಿನಯದ ವಿಷಯವಾಗಿ ಎರಡು ಮಾತು. ಸೈಮನ್ ಆಗಿರುವ ಜೇಸನ್ ಬೇಟ್‌ಮನ್ ಹಾಸ್ಯಪಾತ್ರಗಳಿಂದ ಹೆಸರಾದ ನಟ. ಅವನ ಮುಖವನ್ನು ಕಂಡೊಡನೆ ನಂಬುವ ಅಭ್ಯಾಸ ಪ್ರೇಕ್ಷಕರಿಗಿದೆ. ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು, ತಮಾಷೆ ಯಾವಾಗ ಹಂಗಿಸುವಿಕೆಯಾಗುತ್ತದೆಂಬ ಗೆರೆಯನ್ನು ಅವನು ಬಹು ಜಾಣತನದಿಂದ ತೋರಿಸಿದ್ದಾನೆ. ರಾಬಿನ್ ಪಾತ್ರದ ರೆಬೆಕಾ ಹಾಲ್ ಇಡೀ ಚಿತ್ರವನ್ನು ಹೊತ್ತವಳು. ಕಡೆಯ ದೃಶ್ಯದಲ್ಲಿ ಆಸ್ಪತ್ರೆಯ ಗಾಜಿನ ಹೊರಗೆ ಸೈಮನ್ ಕುಸಿದಿರುತ್ತಾನೆ. ಗೋರ್ಡೊ ಕೈಗೆ ಕಟ್ಟಿಕೊಂಡಿದ್ದ ಜೋಳಿಗೆಪಟ್ಟಿಯನ್ನು ಕಳಚಿ ನಡೆದುಹೋಗುತ್ತಾನೆ. ಆ ನೋವೂ ಸೋಗಾಗಿತ್ತೇ ಎಂದು ನಾವು ಯೋಚಿಸುತ್ತಿರುವಾಗ, ಗಾಜಿನ ಒಳಗೆ ಅವಳು ಮಗುವನ್ನು ಎದೆಗವಚಿಕೊಂಡು ಕುಳಿತಿದ್ದಾಳೆ. ಕ್ಯಾಮರಾ ಅವಳ ಕಡೆಗೆ ಹೋಗದೆ ಗಂಡಸರ ಹಿಂದೆಯೇ ನಿಂತುಬಿಡುತ್ತದೆ.